ಸೆಕೆಂಡಿಗೆ ಎರಡೂವರೆ ಟ್ಯಾಂಕರ್

ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತಿ ಚಳಿಯ ದಿನವೆಂದರೆ 1884ರ ಜನವರಿ 13. ಅಂದು ಪಾದರಸ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಆಮೇಲೆ ನೂರ ನಲವತ್ತು ಚಳಿಗಾಲ ಕಳೆದರೂ ಅದರ ಕೆಳಗೆ ಹೋಗಿಲ್ಲ. ಹಾಗಾಗಿ ಫೀನಿಕ್ಸ್‌ನಲ್ಲಿರುವ ಅಕ್ಕನ ಮಗ ಗ್ರ್ಯಾಂಡ್ ಕ್ಯಾನಿಯನ್ನಿನ ಫೋಟೊ ಕಳಿಸಿ, ಕೆಂಪು ಬಂಡೆಗಳ ಮೇಲೆಲ್ಲ ಹಿಮ ಕೂತದ್ದನ್ನು ತೋರಿಸಿ, "ಮಾಮ, ನಿಮ್ ಕಡೆ ಹಿಂಗಿರೋದು ಏನಾದ್ರೂ ಇದ್ಯಾ?" ಎಂದು ಕೇಳಿದಾಗ ಹಿಮದ ಮಟ್ಟಿಗೆ ಸೋಲೊಪ್ಪಿಕೊಂಡೆ. ಅಲ್ಲಿಯ ದಕ್ಷಿಣ ಅಂಚಿನಲ್ಲಿ ವರ್ಷಕ್ಕೆ ಐದಡಿಯ ಹತ್ತಿರ ಹಿಮ ಬೀಳುತ್ತದೆ. ಕಮರಿಯ ಉದ್ದ 446 ಕಿಲೋಮೀಟರ್, ಆಳ ಒಂದು ಮೈಲಿಗೂ ಮಿಕ್ಕು. ನಮ್ಮಲ್ಲೂ ಕಮರಿ ಇದೆ, ನದಿ ಇದೆ, ಕಾಡುಪ್ರಾಣಿ ಇವೆ, ಹಿಮವೊಂದಿಲ್ಲ, ನೋಡಿಕೊಂಡು ಬಂದು ಹೇಳುತ್ತೇನೆ ಎಂದೆ.

ಜನವರಿಯ ಒಂದು ಶನಿವಾರ, ಇನ್ನೂ ಕತ್ತಲಿರುವಾಗಲೇ ಹೊರಟೆ. ಬಿಡದಿ ದಾಟುವಾಗ ಎಷ್ಟು ಮಂಜು ಅಂದರೆ ಮುಂದಿನ ಲಾರಿಯ ಹಿಂದೆ ಬರೆದ "ಹಾರ್ನ್ ಮಾಡಿ" ಓದುವಷ್ಟು ಹತ್ತಿರ ಹೋಗುವವರೆಗೂ ಅಲ್ಲೊಂದು ಲಾರಿ ಇದೆಯೆಂದೇ ಗೊತ್ತಾಗಲಿಲ್ಲ. ನಮ್ಮ ಚಳಿಗಾಲದ ಬಿಳುಪು ಅಷ್ಟೇ. ಎಂಟು ಗಂಟೆಗೆ ಬಿಸಿಲು ಬಂದರೆ ಕರಗಿಹೋಗುತ್ತದೆ.

ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಮಂಜು ಸರಿಯುವುದನ್ನು ಕಾಯುತ್ತ ಒಂದು ಬಂಡೆಗೆ ಒರಗಿದ್ದೆ. ಸುಮ್ಮನೆ ಕೈಯಾಡಿಸಿದರೆ ಬೆರಳಿಗೆ ಏನೋ ಉಬ್ಬು. ಬಗ್ಗಿ ನೋಡಿದೆ. ಕಪ್ಪು-ಬೂದು ಬಣ್ಣದ ಕಲ್ಲಿನೊಳಗೆ ನಸುಗೆಂಪು ಹರಳುಗಳು. ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು, ಕೆಲವು ಅದಕ್ಕಿಂತ ದೊಡ್ಡವು, ಕೊಬ್ಬರಿ ಮಿಠಾಯಿಯ ತುಂಡುಗಳನ್ನು ಹಿಟ್ಟಿನಲ್ಲಿ ಒತ್ತಿಟ್ಟ ಹಾಗೆ. ಇದು ಫೆಲ್ಡ್‌ಸ್ಪಾರ್. ಇಷ್ಟು ದಪ್ಪ ಹರಳು ಕಟ್ಟಬೇಕಾದರೆ ಕರಗಿದ ಶಿಲೆ ಭೂಮಿಯ ಒಡಲಲ್ಲಿ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ, ಬಹಳ ನಿಧಾನವಾಗಿ ಆರಬೇಕು. ಅಂದರೆ ನಾನು ಒರಗಿದ್ದ ಬಂಡೆಯ ನೆತ್ತಿಯ ಮೇಲೆ ಒಂದು ಕಾಲಕ್ಕೆ ಕಿಲೋಮೀಟರ್‌ಗಟ್ಟಲೆ ಕಲ್ಲು ಇತ್ತು. ಅದೆಲ್ಲ ಮಳೆ ಗಾಳಿಗೆ ಸವೆದು ಹೋದಮೇಲೆ ಉಳಿದದ್ದನ್ನು ನಾವು ಬೆಟ್ಟ ಎನ್ನುತ್ತೇವೆ.

ಈ ಕಲ್ಲಿಗೆ ಭೂವಿಜ್ಞಾನದ ಪುಸ್ತಕಗಳಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಊರಿಗೆ ಕ್ಲೋಸ್‌ಪೇಟೆ ಅಂದರು. ಅದಕ್ಕೂ ಮುಂಚೆ ಟಿಪ್ಪು ಕಾಲದಲ್ಲಿ ಶಂಶೇರಾಬಾದ್. ಆಮೇಲೆ ರಾಮನಗರ. 2007ರಲ್ಲಿ ಅದೇ ಹೆಸರಿನ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಊರು ಎಷ್ಟು ಸಲ ಬೋರ್ಡು ಬದಲಿಸಿದರೂ ಕಲ್ಲು ಮಾತ್ರ ಜಗತ್ತಿನಾದ್ಯಂತ ಕ್ಲೋಸ್‌ಪೇಟೆಯದೇ. ಉತ್ತರ ಕರ್ನಾಟಕದಿಂದ ಇಲ್ಲಿಯವರೆಗೆ ಸುಮಾರು 400 ಕಿಲೋಮೀಟರ್ ಉದ್ದದ ಪಟ್ಟಿ ಅದು. ಮಾಗಡಿಯ ಸಾವನದುರ್ಗವೂ ಅದರದೇ ಒಂದು ಗುಡ್ಡೆ, ಸಮುದ್ರಮಟ್ಟದಿಂದ 1,226 ಮೀಟರ್. ವಯಸ್ಸು ಸುಮಾರು 250 ಕೋಟಿ ವರ್ಷ.

250 ಕೋಟಿ ಎಂದು ಬರೆಯುವುದು ಸುಲಭ. ಅದು ತಲೆಗೆ ಇಳಿಯಬೇಕಲ್ಲ. ಕಾರಿನಲ್ಲಿ ಕೂತು ಲೆಕ್ಕ ಹಾಕಿದೆ. ಸೆಕೆಂಡಿಗೆ ಒಂದು ವರ್ಷದಂತೆ, ಊಟ ನಿದ್ದೆ ಬಿಟ್ಟು ಎಣಿಸುತ್ತ ಕೂತರೆ, ಈ ಕಲ್ಲಿನ ವಯಸ್ಸು ಎಣಿಸಿ ಮುಗಿಸಲು 79 ವರ್ಷ ಬೇಕು. ಈ ಎಣಿಕೆಯಲ್ಲಿ, ಇದೇ ಬಂಡೆಗಳ ನಡುವೆ ಚಿತ್ರೀಕರಿಸಿದ "ಶೋಲೆ" ಸಿನಿಮಾ ತೆರೆಗೆ ಬಂದು 50 ಸೆಕೆಂಡು ಆಗಿದೆ. ಕಾರ್ನ್‌ವಾಲಿಸ್ ಸಾವನದುರ್ಗವನ್ನು ಹಿಡಿದ 1791ರ ಡಿಸೆಂಬರ್ 21, ಇನ್ನೂ ನಾಲ್ಕು ನಿಮಿಷದ ಹಿಂದಿನ ಮಾತು. ಕೆಂಪೇಗೌಡರು ಬೆಂಗಳೂರು ಕಟ್ಟಿ ಎಂಟು ನಿಮಿಷ. ಮನುಷ್ಯಜಾತಿ ಹುಟ್ಟಿ ಮೂರೂವರೆ ದಿನ. ಅಕ್ಕನ ಮಗನ ಫೋಟೊದ ಗ್ರ್ಯಾಂಡ್ ಕ್ಯಾನಿಯನ್ನನ್ನು ಕೊಲೊರಾಡೊ ನದಿ ಕೊರೆಯತೊಡಗಿದ್ದು 50-60 ಲಕ್ಷ ವರ್ಷದ ಹಿಂದೆ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಎರಡು ತಿಂಗಳ ಹಿಂದೆ, ದೀಪಾವಳಿಯ ಹೊತ್ತಿಗೆ ಶುರುವಾದ ಕೆಲಸ. ಆ ಕಮರಿಯ ತಳದಲ್ಲಿರುವ ಅತಿ ಹಳೆಯ ಕಲ್ಲಿಗೆ 184 ಕೋಟಿ ವರ್ಷ. ಎಣಿಕೆಯಲ್ಲಿ 58 ವರ್ಷ. ನಮ್ಮ ಬಂಡೆ ಅದಕ್ಕಿಂತ 21 ವರ್ಷ ಹಿರಿಯದು. ಹಿಮದಲ್ಲಿ ಸೋತದ್ದನ್ನು ವಯಸ್ಸಿನಲ್ಲಿ ಗೆದ್ದೆವು ಎಂದು ಆಗಲೇ ಒಂದು ಮೆಸೇಜ್ ಹಾಕಿದೆ.

ಹಾಗೆ ನೋಡಿದರೆ ಹಿಮದಲ್ಲೂ ಪೂರ್ತಿ ಸೋಲೇನಲ್ಲ. ಸುಮಾರು 30 ಕೋಟಿ ವರ್ಷದ ಹಿಂದೆ ಭಾರತದ ನೆಲ ದಕ್ಷಿಣ ಗೋಳದಲ್ಲಿ, ಗೊಂಡ್ವಾನ ಎಂಬ ಮಹಾಖಂಡಕ್ಕೆ ಅಂಟಿಕೊಂಡಿತ್ತು. ಆಗ ಇಲ್ಲಿ ಹಿಮನದಿಗಳು ಹರಿದಿವೆ. ಅವು ಹೊತ್ತು ತಂದು ಚೆಲ್ಲಿಹೋದ ಕಲ್ಲುಗುಂಡುಗಳು ಒಡಿಶಾದ ತಾಲ್ಚೇರ್‌ನಲ್ಲಿ ಇಂದಿಗೂ ಇವೆ. ಸೆಕೆಂಡಿಗೆ ವರ್ಷದ ಲೆಕ್ಕದಲ್ಲಿ ಒಂಬತ್ತೂವರೆ ವರ್ಷದ ಹಿಂದೆ ಅಷ್ಟೆ.

ಏಳೂವರೆಗೆ ಮಂಜು ಹರಿಯಿತು. ಕಡಿದಾದ ಬಂಡೆಗೋಡೆಯ ಮೇಲೆ ಬಿಳಿ ಪಟ್ಟೆಗಳು ಕಂಡವು. ಹಿಮದ ಗುಂಗಿನಲ್ಲಿದ್ದವನಿಗೆ ಒಂದು ಕ್ಷಣ ಬೇರೇನೋ ಅನ್ನಿಸಿದರೂ ಅದು ರಣಹದ್ದಿನ ಹಿಕ್ಕೆ. ಗೂಡು ಎಲ್ಲಿದೆ ಎಂದು ತಿಳಿಯಲು ಅದೇ ಗುರುತು. ಅಲ್ಲೇ ಮೇಲೆ, ಬಂಡೆಯ ಅಂಚಿನಲ್ಲಿ, ಹೆಗಲು ಕುಗ್ಗಿಸಿ ಕೂತ ಎರಡು ಹಕ್ಕಿ. ಉದ್ದ ಕೊಕ್ಕಿನ ರಣಹದ್ದು. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಏಳಡಿ. ಚಳಿಗಾಲವೇ ಅವುಗಳ ಸಂಸಾರದ ಕಾಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಗೂಡು, ಮೊಟ್ಟೆ, ಮರಿ. ವರ್ಷಕ್ಕೆ ಒಂದೇ ಮೊಟ್ಟೆ. ಕೋಳಿ ಸಾಕುವವರು ಕೇಳಿದರೆ ನಗುತ್ತಾರೆ.

ಆ ಒಂದು ಮೊಟ್ಟೆಗಾಗಿ 2012ರಲ್ಲಿ ಸರ್ಕಾರ ಇಲ್ಲಿಯ 346 ಹೆಕ್ಟೇರ್, ಅಂದರೆ 855 ಎಕರೆಯನ್ನು ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲೇ ಮೊದಲನೆಯದು. ಈಗ ಇಲ್ಲಿರುವ ಹದ್ದುಗಳು ಬೆರಳೆಣಿಕೆಯಷ್ಟು. 1980ರ ದಶಕದಲ್ಲಿ ದೇಶದ ಆಕಾಶದಲ್ಲಿ ಕೋಟಿಗಟ್ಟಲೆ ರಣಹದ್ದುಗಳಿದ್ದವು. 1992ರಿಂದ 2007ರ ನಡುವೆ ಉದ್ದ ಕೊಕ್ಕಿನವು ನೂರಕ್ಕೆ 97ರಷ್ಟು ಹೋದವು. ಬಿಳಿ ಬೆನ್ನಿನವು ಸಾವಿರಕ್ಕೆ 999. ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧ. ಸತ್ತ ದನ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು.

ನನ್ನನ್ನು ಬೆಚ್ಚಿಬೀಳಿಸಿದ್ದು ಆ 97 ಅಲ್ಲ, ಇನ್ನೊಂದು ಅಂಕಿ. ಇಷ್ಟು ದೊಡ್ಡ ಸಂಹಾರಕ್ಕೆ ಎಷ್ಟು ಹೆಣಗಳಲ್ಲಿ ವಿಷ ಇದ್ದಿರಬೇಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದಾಗ ಬಂದ ಉತ್ತರ, 760 ಹೆಣಗಳಲ್ಲಿ ಒಂದರಿಂದ ಹಿಡಿದು 130ರಲ್ಲಿ ಒಂದು. ಅಷ್ಟು ಸಾಕು. ಹದ್ದು ಗುಂಪಿನಲ್ಲಿ ಉಣ್ಣುವ ಹಕ್ಕಿ. ಒಂದು ಪಂಕ್ತಿಯಲ್ಲಿ ವಿಷ ಬಿದ್ದರೆ ಪಂಕ್ತಿಗೆ ಪಂಕ್ತಿಯೇ ಹೋಗುತ್ತದೆ. 2006ರಲ್ಲಿ ಪಶುಗಳಿಗೆ ಆ ಔಷಧ ನಿಷೇಧವಾಯಿತು. ಅಷ್ಟರಲ್ಲಿ ಪೆಟ್ಟು ನಮಗೂ ಬಿದ್ದಾಗಿತ್ತು. ಕೊಳೆತ ಹೆಣ, ಕೆಟ್ಟ ನೀರು, ಬೀದಿನಾಯಿಗಳ ಹೆಚ್ಚಳ. ಎಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹದ್ದಿಲ್ಲದ ಕಾರಣಕ್ಕೆ 2000ದಿಂದ 2005ರವರೆಗೆ ದೇಶದಲ್ಲಿ ಹೆಚ್ಚುವರಿಯಾಗಿ ಸತ್ತ ಮನುಷ್ಯರು ಸುಮಾರು 5 ಲಕ್ಷ.

ಗ್ರ್ಯಾಂಡ್ ಕ್ಯಾನಿಯನ್ನಿನ ಮೇಲೂ ಇಂಥದೇ ಒಂದು ಬೋಳುತಲೆಯ ಹಕ್ಕಿ ಹಾರುತ್ತದೆ, ಕ್ಯಾಲಿಫೋರ್ನಿಯಾ ಕಾಂಡೋರ್. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದವು 22. ಕಾಡಿನಲ್ಲಿದ್ದ ಎಲ್ಲವನ್ನೂ ಹಿಡಿದು, ಪಂಜರದಲ್ಲಿ ಮರಿಮಾಡಿಸಿ, ಮತ್ತೆ ಬಿಟ್ಟರು. ಈಗ 500 ದಾಟಿವೆ. ಅಲ್ಲಿ ಅವನ್ನು ಕೊಲ್ಲುವುದು ಬೇಟೆಗಾರರ ಗುಂಡಿನ ಸೀಸ. ಊರು ಬೇರೆಯಾದರೂ ಕಥೆ ಒಂದೇ, ಊಟದಲ್ಲಿ ವಿಷ.

ರಾಮನಗರದಿಂದ ಕನಕಪುರದ ದಾರಿ. ಮಾಗಡಿ ಕಡೆಯ ಸೊಗಡು ಅವರೆಕಾಯಿ ರಸ್ತೆಬದಿಯಲ್ಲಿ ಗುಡ್ಡೆ ಬಿದ್ದಿತ್ತು. ಎರಡು ಕೆ.ಜಿ. ಕಟ್ಟಿಸಿ ಹಿಂದಿನ ಸೀಟಿಗೆ ಹಾಕಿದ್ದೇ, ದಿನವಿಡೀ ಕಾರೆಲ್ಲ ಅದರ ವಾಸನೆ. ಕಣದ ಪಕ್ಕ ಟೀ ಅಂಗಡಿಯೊಂದರ ಮುಂದೆ ನಿಂತೆ. ಎದುರಿಗೆ ರಾಗಿ ಹುಲ್ಲಿನ ಮೆದೆ, ಅದರಾಚೆ ಮರದ ಮೇಲೊಂದು ಅಟ್ಟಣೆ. ಈ ವರ್ಷ ಆನೆ ಬಂದಿದ್ದವಾ ಎಂದೆ. ಟೀ ಕುಡಿಯುತ್ತಿದ್ದ ಹಿರಿಯರು ಲೋಟ ಕೆಳಗಿಟ್ಟರು.

"ಬರ್ದೆ ಎಲ್ಗೋದಾವು ಸಾ. ನಾಕ್ ತಿಂಗ್ಳು ನಾವ್ ಬೆಳ್ದಿದ್ನ ಒಂದ್ ರಾತ್ರಿಗೆ ಮುಗ್ಸ್‌ಬುಟ್ಟೋಯ್ತವೆ. ತಿನ್ನಾದು ಕಮ್ಮಿ, ತುಳ್ಯಾದೇ ಜಾಸ್ತಿ."

ಒಂದು ಆನೆಗೆ ದಿನಕ್ಕೆ 150 ಕಿಲೋ ಮೇವು ಬೇಕು. 2023ರ ಎಣಿಕೆಯಲ್ಲಿ ರಾಜ್ಯದಲ್ಲಿ 6,395 ಆನೆ. ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಕಾವೇರಿ ಕಾಡಿನಿಂದ ಹೊರಟವು ಕನಕಪುರ ದಾಟಿ, ಚನ್ನಪಟ್ಟಣದ ತೆಂಗಿನಕಲ್ಲು ಅರಣ್ಯದವರೆಗೂ ಬಂದು ಬೀಡುಬಿಡುತ್ತವೆ. ರಾಗಿ ಹಾಲು ತುಂಬುವ ಹೊತ್ತಿಗೆ ಸರಿಯಾಗಿ. ಪಂಚಾಂಗ ನೋಡಿ ಬಂದ ಹಾಗೆ. ರಾಜ್ಯದ ಅಂಕಿ ಓದಿ ಹೆಮ್ಮೆಪಡುವವರು ಬೆಂಗಳೂರಿನಲ್ಲಿ ಮಲಗಿರುತ್ತಾರೆ, ಚಳಿಯಲ್ಲಿ ಅಟ್ಟಣೆ ಮೇಲೆ ಕೂತು ತಮಟೆ ಬಡಿಯುವವರು ಇವರು. ವನ್ಯಜೀವಿ ಪ್ರವಾಸದ ಲೇಖನಗಳಲ್ಲಿ ಇವರು ಬರುವುದೇ ಇಲ್ಲ ಎಂಬುದು ನನ್ನದೊಂದು ಹಳೇ ತಕರಾರು.

ಕನಕಪುರದಿಂದ, ಅರ್ಕಾವತಿ ಕಾವೇರಿಗೆ ಸೇರುವ ಸಂಗಮ ಸುಮಾರು 35 ಕಿಲೋಮೀಟರ್. ದೊಡ್ಡಾಲಹಳ್ಳಿ ದಾಟಿದ ಮೇಲೆ ಕಾಡು ಹತ್ತಿರ ಬರುತ್ತದೆ. 1987ರಲ್ಲಿ ಕಾವೇರಿ ವನ್ಯಧಾಮವಾದಾಗ ಇದರ ವಿಸ್ತಾರ 500 ಚದರ ಕಿಲೋಮೀಟರ್ ಚಿಲ್ಲರೆ. ಆಮೇಲೆ ಬೆಳೆಸಿ 1,027 ಮಾಡಿದರು. 2025ರವರೆಗೆ ಇದ್ದ ಬೃಹತ್ ಬೆಂಗಳೂರು ಪಾಲಿಕೆಯ ಅಷ್ಟೂ ವಾರ್ಡುಗಳನ್ನು ಎತ್ತಿ ತಂದು ಇದರೊಳಗೆ ಇಟ್ಟರೂ ಸುತ್ತ ಮುನ್ನೂರು ಚದರ ಕಿಲೋಮೀಟರ್ ಕಾಡು ಉಳಿಯುತ್ತದೆ. ನದಿದಂಡೆಯ ಹೊಳೆಮತ್ತಿ ಮರಗಳಲ್ಲಿ ಬೂದು ಬಣ್ಣದ ಹೆಬ್ಬಳಿಲು ಇದೆ. ನೀರಿನಲ್ಲಿ ಮೊಸಳೆ, ನೀರುನಾಯಿ. ಅದರಡಿಯಲ್ಲಿ ಕಾವೇರಿಯದೇ ಆದ, ಬೆನ್ನು ಗೂನಿನ ಮಹಶೀರ್ ಮೀನು. ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, 54 ಕಿಲೋ. ಅಂದರೆ ಒಬ್ಬ ಆಳಿನ ತೂಕದ ಮೀನು. 2018ರಲ್ಲಿ ಈ ತಳಿ ತೀವ್ರ ಅಪಾಯದ ಪಟ್ಟಿ ಸೇರಿತು. ನನಗೆ ಕಂಡದ್ದು ಒಂದು ಮೊಸಳೆ, ಅದೂ ಅರ್ಧ ಗಂಟೆ ಅಲುಗಾಡದೆ ಮರದ ದಿಮ್ಮಿಯೇ ಇರಬೇಕು ಅನ್ನಿಸಿದ ಮೇಲೆ ಸರಕ್ಕನೆ ನೀರಿಗಿಳಿದದ್ದು.

ಸಂಗಮದಲ್ಲಿ ಅರ್ಕಾವತಿಯನ್ನು ದಾಟಿ ನಾಲ್ಕೈದು ಕಿಲೋಮೀಟರ್ ಹೋದರೆ ಮೇಕೆದಾಟು. ಸಂಗಮದಲ್ಲಿ ಅಗಲವಾಗಿ, ಸೋಮಾರಿಯಾಗಿ ಹರಡಿಕೊಂಡಿದ್ದ ಕಾವೇರಿ ಇಲ್ಲಿ ಇದ್ದಕ್ಕಿದ್ದಂತೆ ಎರಡು ಬಂಡೆಗೋಡೆಗಳ ನಡುವಿನ ಸೀಳಿಗೆ ತೂರಿಕೊಳ್ಳುತ್ತದೆ. ಅತಿ ಕಿರಿದಾದ ಕಡೆ ಕೆಲವೇ ಮೀಟರು. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಈ ದಡದಿಂದ ಆ ದಡಕ್ಕೆ ಹಾರಿತಂತೆ. ಕಥೆ ಸುಳ್ಳಿರಬಹುದು, ಆದರೆ ಹೇಳಿದವರಿಗೆ ಅಳತೆ ಗೊತ್ತಿತ್ತು. ಬಂಡೆಯ ಮೈಯಲ್ಲೆಲ್ಲ ಒರಳುಕಲ್ಲಿನಂಥ ಗುಂಡಿಗಳು. ಒಂದರೊಳಗೆ ಕೈಹಾಕಿದೆ. ಮೊಣಕೈವರೆಗೂ ಹೋಯಿತು, ಗೋಡೆ ಗಾಜಿನಷ್ಟು ನುಣುಪು, ತಳದಲ್ಲಿ ನಿಂಬೆಹಣ್ಣಿನ ಗಾತ್ರದ ಐದಾರು ಉರುಟು ಕಲ್ಲು. ಮಳೆಗಾಲದಲ್ಲಿ ಸುಳಿಗೆ ಸಿಕ್ಕ ಕಲ್ಲು ಒಳಗೇ ಗಿರಗಿರ ತಿರುಗುತ್ತ ಬಂಡೆಯನ್ನು ರುಬ್ಬುತ್ತದೆ. ರುಬ್ಬಿ ರುಬ್ಬಿ ತಾನೂ ಸವೆಯುತ್ತದೆ. ಚಳಿಗಾಲದಲ್ಲಿ ನೀರು ಇಳಿದಾಗ ಮಾತ್ರ ಈ ಕಾರ್ಖಾನೆಯ ಒಳಾಂಗಣ ಕಾಣುವುದು. ಇನ್ನು ಆರು ತಿಂಗಳಿಗೆ ನಾನು ಕೂತ ಜಾಗದ ಮೇಲೆ ನದಿ ಇರುತ್ತದೆ.

ಎಷ್ಟು ನದಿ? ಇದಕ್ಕೆ ಅಂದಾಜು ಬೇಡ, ಲೆಕ್ಕವೇ ಇದೆ. ಮೇಕೆದಾಟಿನ ಕೆಳಗೆ ರಾಜ್ಯದ ಗಡಿಯಲ್ಲಿ ಬಿಳಿಗುಂಡ್ಲು ಮಾಪನ ಕೇಂದ್ರ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸಾಮಾನ್ಯ ಮಳೆಯ ವರ್ಷದಲ್ಲಿ ಅಲ್ಲಿ 177.25 ಟಿಎಂಸಿ ನೀರು ಹರಿಯಬೇಕು ಎಂದಿತು. ತಿಂಗಳವಾರು ಹಂಚಿದರೆ ಆಗಸ್ಟ್‌ಗೆ 45.95 ಟಿಎಂಸಿ, ಜನವರಿಗೆ 2.76. ಟಿಎಂಸಿ, ಕ್ಯೂಸೆಕ್ ಎಂಬ ಪದಗಳನ್ನು ಪತ್ರಿಕೆಗಳಲ್ಲಿ ಮೂವತ್ತು ವರ್ಷದಿಂದ ಓದುತ್ತಿದ್ದೇವೆ, ಒಂದು ಟಿಎಂಸಿ ಎಂದರೆ ಎಷ್ಟು ಎಂದು ಕೇಳಿದರೆ ಕೈ ಅಗಲಿಸುತ್ತೇವೆ. 2,831 ಕೋಟಿ ಲೀಟರ್. ಇದೂ ತಲೆಗೆ ಇಳಿಯುವುದಿಲ್ಲವಾದ್ದರಿಂದ ಬೆಂಗಳೂರಿನವರು ಬಲ್ಲ ಅಳತೆಗೆ ತರೋಣ, 12,000 ಲೀಟರಿನ ನೀರಿನ ಟ್ಯಾಂಕರ್. ಜನವರಿಯ ಲೆಕ್ಕದ ಪ್ರಕಾರ ಬಿಳಿಗುಂಡ್ಲು ದಾಟುವುದು ಸೆಕೆಂಡಿಗೆ 29 ಸಾವಿರ ಲೀಟರ್, ಹೆಚ್ಚುಕಮ್ಮಿ ಎರಡೂವರೆ ಟ್ಯಾಂಕರ್. ಆಗಸ್ಟ್‌ನಲ್ಲಿ ಸೆಕೆಂಡಿಗೆ 40 ಟ್ಯಾಂಕರ್. 2018ರ ಆಗಸ್ಟ್‌ನಲ್ಲಿ ಕೆಆರ್‌ಎಸ್, ಕಬಿನಿ ಎರಡೂ ತುಂಬಿ ಈ ಹಾದಿಯಲ್ಲಿ ಎರಡು ಲಕ್ಷ ಕ್ಯೂಸೆಕ್ ಆಸುಪಾಸು ನೀರು ಬಂತಲ್ಲ, ಅದು ಸೆಕೆಂಡಿಗೆ 470 ಟ್ಯಾಂಕರ್. ಎರಡೂವರೆಯಿಂದ 470! ಮೇಕೆ ಹಾರುವಷ್ಟು ಸೀಳಿನಲ್ಲಿ ಆ ನೀರು ಹಿಡಿಯುವುದಾದರೂ ಹೇಗೆ? ಹಿಡಿಯುವುದಿಲ್ಲ. ಅದಕ್ಕೇ ಅಷ್ಟು ಎತ್ತರದವರೆಗೂ ಬಂಡೆ ನುಣುಪಾಗಿದೆ.

ಇಲ್ಲೇ ಅಣೆಕಟ್ಟು ಕಟ್ಟುವ ಯೋಜನೆಯ ಗಾತ್ರ 67.16 ಟಿಎಂಸಿ. ಕೆಆರ್‌ಎಸ್ 49.45. ಅದಕ್ಕೆ ಬೇಕಾಗುವ ನೆಲ 5,252 ಹೆಕ್ಟೇರ್, ಅದರಲ್ಲಿ ಬಹುಪಾಲು ವನ್ಯಧಾಮ ಮತ್ತು ಮೀಸಲು ಅರಣ್ಯ. ಇದರ ಬಗ್ಗೆ ಸಭೆಗಳಲ್ಲಿ ಕೂಗಾಡುವ ಎರಡೂ ಕಡೆಯವರು ಒಮ್ಮೆ ಜನವರಿಯಲ್ಲಿ ಬಂದು ಈ ಗುಂಡಿಗಳಲ್ಲಿ ಕೈಹಾಕಿ ನೋಡಿದ್ದಾರೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ವಾಪಸು ಬರುವಾಗ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಯ ಪಂಪಿಂಗ್ ಸ್ಟೇಷನ್ ಸಿಕ್ಕಿತು. ಬೆಂಗಳೂರಿಗೆ ಕಾವೇರಿ ನೀರು ಹೋಗುವುದು ಇದೇ ದಾರಿಯಲ್ಲಿ. ಸಂಗಮಕ್ಕಿಂತ ಮೇಲೆ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟ ನೀರನ್ನು ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಎತ್ತಿ, ನೂರು ಕಿಲೋಮೀಟರ್ ದೂರಕ್ಕೆ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ತಳ್ಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಸೇರಿದ ಮೇಲೆ ಇದರ ಸಾಮರ್ಥ್ಯ ದಿನಕ್ಕೆ 222.5 ಕೋಟಿ ಲೀಟರ್. ಕಾರು ಪಕ್ಕಕ್ಕೆ ಹಾಕಿ ಭಾಗಿಸಿ ನೋಡಿದೆ. ಸೆಕೆಂಡಿಗೆ 25,700 ಲೀಟರ್. ಬೆಳಗ್ಗೆ ಮೇಕೆದಾಟಿನ ಬಂಡೆ ಮೇಲೆ ಕೂತು ಹಾಕಿದ್ದ ಜನವರಿಯ ಲೆಕ್ಕ 29,000. ತಪ್ಪಿರಬೇಕೆಂದು ಇನ್ನೊಮ್ಮೆ ಭಾಗಿಸಿದೆ. ತಪ್ಪಿರಲಿಲ್ಲ. ಚಳಿಗಾಲದಲ್ಲಿ ಕಮರಿಯಲ್ಲಿ ಇಳಿಯಬೇಕಾದ ಕಾವೇರಿಯಷ್ಟೇ ದೊಡ್ಡ ಇನ್ನೊಂದು ಕಾವೇರಿ, ಪೈಪಿನೊಳಗೆ, ನನ್ನ ಪಕ್ಕದಲ್ಲೇ, ಗುಡ್ಡ ಹತ್ತುತ್ತಿತ್ತು. ಒಂದು ಇಳಿಯುತ್ತದೆ, ಒಂದು ಏರುತ್ತದೆ. ಏರುವ ನದಿಗೆ ದಂಡೆಯಿಲ್ಲ, ಮೊಸಳೆಯಿಲ್ಲ, ಕಥೆಯಿಲ್ಲ, ಕರೆಂಟ್ ಬಿಲ್ ಇದೆ.

ಏರಿದ್ದು ಇಳಿಯಲೇಬೇಕು. ಊರಿನ ಪಶ್ಚಿಮ ಭಾಗದ ಬಚ್ಚಲುಗಳಿಂದ ಹೊರಟದ್ದು ವೃಷಭಾವತಿಗೆ ಸೇರಿ, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು, ಅಲ್ಲಿಂದ ಕನಕಪುರದ ಹತ್ತಿರ ಅರ್ಕಾವತಿಗೆ ಬಿದ್ದು, ಕೊನೆಗೆ ಅದೇ ಸಂಗಮಕ್ಕೆ ಬರುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿ 190 ಕಿಲೋಮೀಟರ್ ಹರಿದು ಬರುವ ಅರ್ಕಾವತಿಯನ್ನು ಬೆಳಗ್ಗೆ ದಾಟಿದಾಗ ನನ್ನ ಕಾಲು ತೊಯ್ದದ್ದು ಯಾವ ನೀರಿನಲ್ಲಿ ಎಂದು ಆಗ ಹೊಳೆಯಿತು. ಹಾರೋಹಳ್ಳಿಯಿಂದ ಬೈರಮಂಗಲದ ಕಡೆ ತಿರುಗಿಸಿದೆ. ಇಳಿಬಿಸಿಲಿನಲ್ಲಿ ನೀರಿನ ಮೇಲೆ ಗುಡ್ಡೆ ಗುಡ್ಡೆಯಾಗಿ ಬಿಳಿ ನೊರೆ. ಗಾಳಿ ಬೀಸಿದಾಗ ಒಂದೊಂದು ಹಿಡಿ ಕಿತ್ತುಕೊಂಡು ಹಾರಿ, ದಂಡೆಯ ಹುಲ್ಲಿನ ಮೇಲೆ, ಬೇಲಿಯ ಮೇಲೆ ಕೂರುತ್ತಿತ್ತು. ಮೂಗು ಮುಚ್ಚಿಕೊಂಡು ಒಂದು ಫೋಟೊ ತೆಗೆದು ಫೀನಿಕ್ಸ್‌ಗೆ ಕಳಿಸಿದೆ.

ಅಲ್ಲಿ ಆಗಿನ್ನೂ ನಸುಕು. ಆದರೂ ತಕ್ಷಣ ಉತ್ತರ ಬಂತು. "ಮಾಮ! ಅಲ್ಲೂ ಸ್ನೋನಾ?"

ಹೋಗುವವರು ಫೆಬ್ರುವರಿ ಮುಗಿಯುವುದರೊಳಗೆ ಹೋಗಿ. ರಾಮದೇವರ ಬೆಟ್ಟದಲ್ಲಿ ಕೆಳಗಿನಿಂದಲೇ ಹದ್ದು ನೋಡಿ, ಗೂಡಿನತ್ತ ಹತ್ತಬೇಡಿ, ಕೂಗಬೇಡಿ. ಮೇಕೆದಾಟಿನಲ್ಲಿ ಸೆಲ್ಫಿಗೆಂದು ಬಂಡೆಯ ಅಂಚಿಗೆ ಇಳಿಯಬೇಡಿ, ಆ ನುಣುಪಿನಲ್ಲಿ ಜಾರಿದವರು ಬಹಳ ಮಂದಿ. ಬೆಂಗಳೂರಿನಿಂದ ಹೊರಡುವವರು ಕುಡಿಯುವ ನೀರನ್ನು ಮನೆಯಿಂದಲೇ ತುಂಬಿಸಿಕೊಳ್ಳಿ. ಅದೂ ಕಾವೇರಿಯದೇ.